ಒಂದೇ ಕಾರ್ಡಿನಲ್ಲಿ ಮೂರು ಕುತ್ತಿಗೆ

ಹೋದ ವಾರ ನಮ್ಮ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಕೈಗೊಂದು ಹಾಳೆ ಕೊಟ್ಟರು. ಅದರ ಮೇಲೆ ಐದು ಗುಂಡು ಮುಖಗಳು. ಮೊದಲನೆಯದು ಹಲ್ಲು ಕಿರಿಯುತ್ತಿದೆ, ಕೊನೆಯದು ಅಳುತ್ತಿದೆ. ಮೇಲ್ಗಡೆ ತಮಿಳಿನಲ್ಲಿ ಒಂದು ಪ್ರಶ್ನೆ: ನಿಮಗೆ ಏನು ಬೇಕೆಂದು ಸರಿಯಾಗಿ ತಿಳಿದುಕೊಂಡು ನಾವು ಚಿಕಿತ್ಸೆ ಕೊಡುತ್ತಿದ್ದೇವೆಯೇ? ಯಾವುದಾದರೂ ಒಂದು ಮುಖಕ್ಕೆ ಗುರುತು ಹಾಕಿ ಪೆಟ್ಟಿಗೆಯೊಳಗೆ ಹಾಕಬೇಕಂತೆ. ಕೌಂಟರಿನಲ್ಲಿ ಕೂರುವ ಸೆಲ್ವಿ, "ಅಕ್ಕಾ, ಮೊದಲ್ನೇದಕ್ಕೆ ಹಾಕ್ಬುಡಿ, ಎಲ್ಲಾರೂ ಅದಕ್ಕೇ ಹಾಕ್ತಾವ್ರೆ" ಎಂದಳು. ಕುರಿಯನ್ನು ಕೇಳಿ ಮಸಾಲೆ ಅರೆಯುವ ಕಾಲ ಕೊನೆಗೂ ಬಂತಲ್ಲಪ್ಪ ಅಂದುಕೊಂಡೆ. ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ. ನನ್ನ ಉತ್ತರ ಒಂದು ಗುರುತಿಗೆ ಮುಗಿಯುವುದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬರೆಯುವುದು ನಿಧಾನ. ಬಲಗೈಯ ಎರಡು ಬೆರಳುಗಳು ಇನ್ನೂ ನನ್ನ ಮಾತು ಕೇಳುವುದಿಲ್ಲ. ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು ಹಿಡಿಯುತ್ತೇನೆ. ದಿನಕ್ಕೆ ಒಂದು ಪುಟ ಆದರೆ ಹೆಚ್ಚು.

ನಾನು ಈಶ್ವರಿ. ತಮಿಳು ಸೀಮೆಯ ಹನುಮಂತನಪಟ್ಟಿ ನನ್ನ ಗಂಡನ ಊರು. ನಾವು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಆಡುವ ಜನ. ಎಷ್ಟು ಕಾಲದಿಂದ ಇಲ್ಲಿದ್ದೀರಿ ಎಂದು ಯಾರಾದರೂ ಕೇಳಿದರೆ ನಮ್ಮ ಅತ್ತೆ "ಅವಾಗಿಂದ" ಅನ್ನುತ್ತಾರೆ, ಅಷ್ಟೇ. ಕನ್ನಡ ಓದಲು ಬರೆಯಲು ಬರುವವರು ಇಲ್ಲಿ ಇಲ್ಲವೆಂದೇ ಹೇಳಬೇಕು. ನನಗೆ ಬರುವುದು ಅಪ್ಪನಿಂದ. ಅವರು ಬೆಳ್ಳುಳ್ಳಿ ವ್ಯಾಪಾರಕ್ಕೆಂದು ಕೊಳ್ಳೇಗಾಲದಲ್ಲಿ ಮನೆ ಮಾಡಿದ್ದರು, ಹತ್ತನೇ ಕ್ಲಾಸಿನವರೆಗೆ ನಾನು ಅಲ್ಲೇ ಓದಿದೆ. ಆಮೇಲೆ ಅಕ್ಕನನ್ನು ನಿಲಕ್ಕೋಟ್ಟೈಗೆ ಕೊಟ್ಟರು, ನನ್ನನ್ನು ಇಲ್ಲಿಗೆ. ಇಲ್ಲಿ ನನ್ನನ್ನು ಕಾದಿದ್ದದ್ದು ದ್ರಾಕ್ಷಿ ತೋಟ.

ದ್ರಾಕ್ಷಿಯ ಚಪ್ಪರವನ್ನು ನಾವು ಪಂದ್ಲು ಅನ್ನುತ್ತೇವೆ. ಆ ಪಂದ್ಲಿನ ಕೆಳಗೆ ನಿಂತು, ಕತ್ತು ಹಿಂದಕ್ಕೆ ಹಾಕಿ, ಎರಡೂ ಕೈ ಮೇಲೆತ್ತಿಕೊಂಡು ಕುಡಿ ಕಟ್ಟಬೇಕು, ಎಲೆ ಕೀಳಬೇಕು, ಗೊಂಚಲು ಕತ್ತರಿಸಬೇಕು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಹಾಗೇ. ಗಂಡಸರು ಔಷಧಿ ಹೊಡೆಯುತ್ತಾರೆ, ನೀರು ಬಿಡುತ್ತಾರೆ, ವ್ಯಾಪಾರ ಮಾತಾಡುತ್ತಾರೆ. ಕತ್ತೆತ್ತುವ ಕೆಲಸ ಹೆಂಗಸರದು. ಹೀಗಾಗಿ ನಮ್ಮೂರಿನಲ್ಲಿ ಕುತ್ತಿಗೆ ನೋಯದ ಹೆಂಗಸು ಯಾರೂ ಇಲ್ಲ. ಆ ನೋವಿಗೊಂದು ಹೆಸರೂ ಉಂಟು, ಪಂದ್ಲು ಕುತ್ತಿಗೆ. ಹೊಸ ಸೊಸೆಗೆ ಪಂದ್ಲು ಕುತ್ತಿಗೆ ಬಂತೆಂದರೆ ಅವಳು ಕೆಲಸಕ್ಕೆ ಪಳಗಿದಳು ಎಂದು ಅತ್ತೆಯರು ಖುಷಿಪಡುತ್ತಾರೆ. ನಮ್ಮ ಮನೆಯಲ್ಲಿ ಮೂವರು ಹೆಂಗಸರು, ಅತ್ತೆ, ನಾನು, ನನ್ನ ಓರಗಿತ್ತಿ ಜಯಾ. ಮೂವರದೂ ನೋಯುತ್ತಿತ್ತು.

ಈಗ ನಮ್ಮ ಡಾಕ್ಟರ ವಿಷಯ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಇದೆ. ನಮ್ಮ ಜನಕ್ಕೆ ಹಿತ್ತಲ ಗಿಡ ಬಿಟ್ಟರೆ ಬೇರೆ ಮದ್ದೇ ಇಲ್ಲ. ಇವರು ನಮ್ಮವರೇ, ನಮ್ಮ ಮಾತೇ ಆಡುವವರು, ನಮ್ಮ ಜನರಲ್ಲಿ ಡಾಕ್ಟರಿಕೆ ಓದಿದ ಮೊದಲಿಗರು. ಪಕ್ಕದ ಪಟ್ಟಣದಲ್ಲಿ ಅವರು ಕ್ಲಿನಿಕ್ ತೆರೆದ ದಿನ ಸುತ್ತಲ ಹಳ್ಳಿಗಳಿಂದ ವ್ಯಾನು ಮಾಡಿಕೊಂಡು ಹೋಗಿದ್ದರಂತೆ. ಅವರ ಹೆಂಡತಿಯೂ ಡಾಕ್ಟರೇ. ಬಸಿರು ಬಾಣಂತನವಾದರೆ ಆಕೆಯ ಬಾಗಿಲು, ಉಳಿದದ್ದಕ್ಕೆಲ್ಲ ಇವರ ಬಾಗಿಲು. ಇವರನ್ನು ಬಿಟ್ಟು ಬೇರೆ ಡಾಕ್ಟರ ಹತ್ತಿರ ಹೋದರೆ ಮದುವೆ ಮನೆಯಲ್ಲಿ ಎದುರಾದಾಗ ಮುಖ ತೋರಿಸುವುದು ಹೇಗೆ? ಆ ಭಯ ನಮಗೆ ಕಾಯಿಲೆಯ ಭಯಕ್ಕಿಂತ ದೊಡ್ಡದು. ನಗಬೇಡಿ, ನಿಮ್ಮ ಕಡೆಯೂ ಇಂಥದ್ದು ಇದ್ದೇ ಇರುತ್ತದೆ.

ಅವರ ಕ್ಲಿನಿಕ್ಕಿನ ಪದ್ಧತಿ ಹೀಗೆ. ಮನೆಗೊಂದು ಹಳದಿ ಕಾರ್ಡು. ಮೇಲೆ ಯಜಮಾನನ ಹೆಸರು. ಮನೆಯಲ್ಲಿ ಯಾರಿಗೆ ಏನೇ ಬಂದರೂ ಅದೇ ಕಾರ್ಡಿನಲ್ಲಿ ಒಂದರ ಕೆಳಗೊಂದು ಬರೆಯುತ್ತಾರೆ. ಅಜ್ಜನ ಕೆಮ್ಮು, ಮಗುವಿನ ಭೇದಿ, ಸೊಸೆಯ ತಲೆನೋವು, ಎಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ಕೂತವರ ಹಾಗೆ. ಇನ್ನೊಂದು ನಿಯಮ ಸೆಲ್ವಿಯದು. ಟೋಕನ್ ಕೊಡುವಾಗಲೇ ಅವಳು ಹೇಳುತ್ತಾಳೆ: "ಒಂದ್ ಟೋಕನ್ಗೆ ಒಂದೇ ನೋವು ಹೇಳ್ಬೇಕು. ಇಂದ್ಗಡೆ ಜನ ಅವ್ರೆ." ಎರಡು ನೋವಿದ್ದರೆ ಯಾವುದು ದೊಡ್ಡದೆಂದು ನಾವೇ ಆರಿಸಿಕೊಳ್ಳಬೇಕು. ಡಾಕ್ಟರಿಕೆಯ ಅರ್ಧ ಕೆಲಸವನ್ನು ಬೆಂಚಿನ ಮೇಲೆ ಕೂತು ನಾವೇ ಮಾಡಿ ಮುಗಿಸಬೇಕು.

ಇವೆರಡಕ್ಕಿಂತ ದೊಡ್ಡದು ನಮ್ಮ ಗಂಡಸರ ಪದ್ಧತಿ. ಹೆಂಗಸಿಗೆ ನೋವು ಬಂದರೆ ಹೆಂಗಸು ಹೋಗುವುದಿಲ್ಲ, ಗಂಡಸು ಹೋಗುತ್ತಾನೆ. ಸಂಜೆ ಬೈಕು ತೆಗೆದು, ಪಟ್ಟಣದಲ್ಲಿ ಬೇರೆ ನಾಲ್ಕು ಕೆಲಸ ಮುಗಿಸಿ, ಡಾಕ್ಟರ ಹತ್ತಿರವೂ ಇಣುಕಿ, "ಮನೇಲಿ ಕುತ್ತಿಗೆ ನೋವು" ಅನ್ನುತ್ತಾನೆ. ಹೆಂಡತಿಯ ಹೆಸರು ಹೇಳುವುದಿಲ್ಲ, ಹೇಳುವ ವಾಡಿಕೆಯೂ ಇಲ್ಲ. ಡಾಕ್ಟರು ಕಾರ್ಡಿನಲ್ಲಿ ಕುತ್ತಿಗೆ ನೋವು ಎಂದು ಬರೆದು ಮಾತ್ರೆ ಕೊಡುತ್ತಾರೆ. ಗಂಡ ಹೋಗಿ ಮಾತ್ರೆ ತಂದನೆಂದರೆ ಅವಳು ಪುಣ್ಯವಂತೆ ಎಂದು ಪಕ್ಕದ ಮನೆಯವರೂ ಹೇಳುತ್ತಾರೆ. ನನ್ನ ಗಂಡ ಒಂದು ದಿನವೂ ಹೋಗುವುದಿಲ್ಲ ಎಂದವರಲ್ಲ. ಅವರು ಒಳ್ಳೆಯವರು, ಕಷ್ಟ ಇರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ಮೊದಲನೇ ತಿಂಗಳೇ ಜಗಳವಾಡಿ ನಾನೇ ಬಸ್ಸು ಹತ್ತುತ್ತಿದ್ದೆ.

ಹದಿನಾಲ್ಕು ತಿಂಗಳು ಹೀಗೆ ನಡೆಯಿತು. ಮೊದಮೊದಲು ನನ್ನ ನೋವೂ ಅತ್ತೆಯ ನೋವಿನ ಹಾಗೇ ಇತ್ತು. ಆಮೇಲೆ ಬೇರೆಯಾಯಿತು. ಅವರಿಗೆ ಮಲಗಿದರೆ ಕಡಿಮೆಯಾಗುತ್ತಿತ್ತು, ನನಗೆ ಮಲಗಿದರೇ ಹೆಚ್ಚಾಗುತ್ತಿತ್ತು. ಸಂಜೆಯಾದರೆ ಮೈ ಬಿಸಿ. ದಿನವಿಡೀ ಬಿಸಿಲಿನಲ್ಲಿದ್ದವಳ ಮೈ ತಣ್ಣಗಿರುತ್ತದೆಯೇ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಸೀರೆ ಸಡಿಲವಾಗುತ್ತಿತ್ತು. ಜಯಾ, "ನಂಗೆ ಬರೋ ಬೊಜ್ಜೆಲ್ಲ ನಿಂಗ್ಯಾಕ್ ಬರಲ್ಲ, ಏನ್ ಮಾಯ ಮಾಡ್ತೀಯಕ್ಕಾ?" ಎಂದು ರೇಗಿಸುತ್ತಿದ್ದಳು. ನನಗೂ ಒಳಗೊಳಗೇ ಹೆಮ್ಮೆಯೇ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕತ್ತರಿ ಕೈಯಿಂದ ಬೀಳತೊಡಗಿತು. ಗೊಂಚಲು ಹಿಡಿದು ಕತ್ತರಿಸಲು ಹೋದರೆ ಕತ್ತರಿ ಕೆಳಗೆ, ಬಗ್ಗಿ ಎತ್ತಿದರೆ ಮತ್ತೆ ಕೆಳಗೆ. "ಮನ್ಸ್ ಎಲ್ಲಿಟ್ಟಿದೀಯ?" ಎಂದು ಅತ್ತೆ ಗದರಿದರು. ಆಗ ನಾನು ನನ್ನ ಗಂಡನಿಗೆ ಹೇಳಿದೆ. ನಮ್ಮ ಕಡೆ ಗಂಡನನ್ನು ತಮಿಳಿನವರ ಹಾಗೆ ಎನ್ನಂಗ ಎಂದೇ ಕರೆಯುವುದು. "ಎನ್ನಂಗ, ಈ ಸಲ ನನ್ನನ್ನೂ ಕರ್ಕೊಂಡೋಗಿ" ಎಂದೆ. "ನಾನೇ ಹೇಳ್ಬತ್ತೀನಲ್ಲ" ಎಂದರು. "ನನ್ ಕುತ್ತಿಗೆ ನಿಮ್ ಜೇಬಲ್ಲಿ ಹಿಡ್ಸಲ್ಲ" ಎಂದ ಮೇಲೆ ಕರೆದುಕೊಂಡು ಹೋದರು.

ಹೀಗೆ ಒಟ್ಟು ನಾಲ್ಕು ಸಲ ಹೋದೆ. ನಾಲ್ಕು ಸಲವೂ ಅದೇ ಬೆಂಚು. ಎದುರಿಗೆ ಪಳನಿ ಮುರುಗನ ಕ್ಯಾಲೆಂಡರು, ಮೂಲೆಯಲ್ಲಿ ಶಬ್ದ ತೆಗೆದ ಟೀವಿ. ಒಂದು ಸಲ ಪಳನಿಗೆ ಪಾದಯಾತ್ರೆ ಹೋಗಿ ಬಂದವರು ಅಂಗಾಲಿನ ಬೊಬ್ಬೆ ತೋರಿಸಿಕೊಂಡು ಕೂತಿದ್ದರು. ನನ್ನ ಪಕ್ಕದಲ್ಲಿದ್ದ ಮುದುಕಿ ಕೇಳಿದಳು: "ಏನ್ ಮಗಾ, ಏನಾಗೈತೆ ನಿಂಗೆ?" "ಪಂದ್ಲು ಕುತ್ತಿಗೆ" ಎಂದೆ. ನೋಡಿ, ಡಾಕ್ಟರಿಗಿಂತ ಮೊದಲು ನಾನೇ ಹೆಸರಿಟ್ಟಿದ್ದೆ.

ಒಳಗೆ ಹೋದರೆ ಡಾಕ್ಟರ ಮುಖ ನನ್ನ ಗಂಡನ ಕಡೆಗೆ. ನಮ್ಮಲ್ಲಿ ಸಲುಗೆಯಿದ್ದರೆ ದೊಡ್ಡವರು ಚಿಕ್ಕವರನ್ನು ಮಾಪ್ಳೆ ಅನ್ನುತ್ತಾರೆ.

"ಏನ್ ಮಾಪ್ಳೆ, ಈ ಸಲ ದ್ರಾಕ್ಷಿ ಎಂಗೈತೆ?"

"ಪರ್ವಾಯಿಲ್ಲ ಅಣ್ಣಾ. ಮಳೆ ಬರ್ದಿದ್ರೆ ಸಾಕು."

"ಬರಲ್ಲ ಬಿಡು. ಮನೇಲಿ ಕುತ್ತಿಗೆಯಾ?"

"ಊಂ. ಕೈ ಸೊಲ್ಪ ಸೋಲ್ತದಂತೆ."

ನಾನು ನಡುವೆ ಬಾಯಿ ಹಾಕಿದೆ. "ಕತ್ತರಿ ಬೀಳ್ತೈತೆ ಅಣ್ಣಾ. ಇಡ್ಕೊಂಡಿರೋದೇ ಗೊತ್ತಾಗಲ್ಲ."

ಡಾಕ್ಟರು ನಕ್ಕರು. ಕೆಟ್ಟ ನಗುವಲ್ಲ, ಮಗಳಿಗೆ ಸಮಾಧಾನ ಹೇಳುವಂಥ ನಗು. "ಪಂದ್ಲು ಕುತ್ತಿಗೆ ತಾಯೀ. ಊರಲ್ಲಿ ಎಲ್ಲಾರಿಗೂ ಇರೋದೇ. ಒಂದ್ ಊಸಿ ಹಾಕ್ಬುಡ್ತೀನಿ, ಒಂದ್ವಾರ ಕತ್ತೆತ್ಬೇಡ."

ಊಸಿ ಅಂದರೆ ಇಂಜೆಕ್ಷನ್ನು, ಚುಚ್ಚಿದ್ದು ತೋಳಿಗೆ. ಕುತ್ತಿಗೆಯನ್ನು ಮುಟ್ಟಲಿಲ್ಲ. ಸೆರಗು ಸರಿಸಲು ಹೇಳಲಿಲ್ಲ, ಕೈ ಚಾಚು ಎನ್ನಲಿಲ್ಲ. ಸಂಜೆಯ ಬಿಸಿಯನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ಟೋಕನಿಗೆ ಒಂದೇ ನೋವು, ನಾನು ಕತ್ತರಿಯನ್ನು ಆರಿಸಿಕೊಂಡಿದ್ದೆ. ನನಗೆ ನನ್ನ ಮೇಲೆ ಸಿಟ್ಟಿರುವುದು ಇದೊಂದಕ್ಕೆ. ಕುರ್ಚಿಯಿಂದ ಏಳದೆ, "ಇನ್ನೂ ಐತೆ, ಕೇಳಿ" ಎಂದು ಕೂತಿರಬೇಕಾಗಿತ್ತು.

ಊಸಿಯಿಂದ ಎರಡು ದಿನ ಹಗುರಾಗುತ್ತಿತ್ತು. ಹಗುರಾದಾಗ, ಸುಮ್ಮನೆ ದೊಡ್ಡದು ಮಾಡಿಕೊಂಡೆನೇನೋ ಎಂದು ನನಗೇ ಅನುಮಾನ. ಮೂರನೇ ದಿನ ಮತ್ತೆ ಅದೇ. ಮತ್ತೆ ಬೈಕು, ಮತ್ತೆ ಮಾತ್ರೆ.

ನನ್ನನ್ನು ಕಂಡುಹಿಡಿದದ್ದು ಡಾಕ್ಟರಲ್ಲ, ನಮ್ಮಕ್ಕ. ಅಕ್ಕ ನಿಲಕ್ಕೋಟ್ಟೈನಲ್ಲಿ ಬ್ಲೌಸು ಹೊಲಿಯುತ್ತಾಳೆ. ಹೂವಿನ ಮಾರುಕಟ್ಟೆಗೆ ಹೋಗುವ ಬೀದಿಯಲ್ಲಿ ಅವಳ ಮನೆ, ಬೆಳಗಾದರೆ ಮಲ್ಲಿಗೆ ಮೂಟೆಗಳು ಬಾಗಿಲ ಮುಂದೆಯೇ ಹೋಗುತ್ತವೆ. ಅವಳ ಮೊಮ್ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆ ಹೋಗಿದ್ದೆ. "ಬಾ, ಒಂದು ಬ್ಲೌಸ್ ಹೊಲ್ದು ಕೊಡ್ತೀನಿ" ಎಂದು ಟೇಪು ತೆಗೆದಳು. ಅವಳ ಹತ್ತಿರ ಒಂದು ದಪ್ಪ ನೋಟುಬುಕ್ಕಿದೆ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಪುಟ, ಮೇಲೆ ಅವಳದೇ ಹೆಸರು, ಕೆಳಗೆ ಅಳತೆ. ಒಡಹುಟ್ಟಿದವಳಾದರೂ ನನಗೂ ಒಂದು ಪುಟ. ಹಳೆಯ ಅಳತೆ ನೋಡಿದಳು, ಹೊಸದು ತೆಗೆದಳು. ಟೇಪನ್ನು ಮತ್ತೆ ಸುತ್ತಿದಳು. ಆಮೇಲೆ ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಹಿಂದಿನಿಂದ ನೋಡಿದಳು.

"ಈಸೂ, ಎದೆ ಮೂರಿಂಚು ಕಮ್ಮಿಯಾಗೈತೆ. ಬಲತೋಳು ಎಡತೋಳಿಗಿಂತ ಸಣ್ಣಾಗೈತೆ. ಭುಜ ಬೇರೆ ಜಾರೈತೆ. ಏನ್ ತಿನ್ತೀಯ ನೀನು?"

"ಪಂದ್ಲು ಕುತ್ತಿಗೆ ಅಂತೆ."

"ಪಂದ್ಲಿಗೆ ಬೆಂಕಿ ಆಕ. ಎರಡು ತೋಳಿಗೂ ಬೇರೆ ಬೇರೆ ಅಳತೆ ಇರೋಳನ್ನ ನಾನೆಲ್ಲೂ ಕಂಡಿಲ್ಲ. ಡಾಕ್ಟ್ರು ಮುಟ್ ನೋಡುದ್ರಾ?"

ಇಲ್ಲ ಎಂದೆ. ಅಕ್ಕ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಅಲ್ಲೇ ಕೂತು ಅತ್ತಳು. ಮೊಮ್ಮಗುವಿನ ಹೆಸರಿಡುವ ದಿನ ಅಳಬಾರದೆಂದು ಯಾರೋ ಹೇಳಿದರು. "ಹೋಗ್ರೋ" ಎಂದಳು.

ಮಾರನೆಯ ಬೆಳಿಗ್ಗೆ ಇಬ್ಬರೂ ದಿಂಡುಕ್ಕಲ್ ಬಸ್ಸು ಹತ್ತಿದೆವು. ನನ್ನ ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ, ಡಾಕ್ಟರಣ್ಣನನ್ನು ಒಂದು ಮಾತು ಕೇಳೋಣ ಎನ್ನುತ್ತಿದ್ದರು. ದಿಂಡುಕ್ಕಲ್‌ನಲ್ಲಿ ನನ್ನನ್ನು ನೋಡಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಮ್ಮವರಲ್ಲ, ನಮ್ಮ ಮಾತು ಗೊತ್ತಿಲ್ಲ, ದ್ರಾಕ್ಷಿ ಹೇಗಿದೆ ಎಂದು ಕೇಳಲಿಲ್ಲ. ಕುತ್ತಿಗೆಯ ಹಿಂದೆ ಬೆರಳಿಟ್ಟು ಒಂದೊಂದೇ ಎಲುಬನ್ನು ಒತ್ತುತ್ತ ಬಂದಳು. ಒಂದು ಕಡೆ ಒತ್ತಿದಾಗ ನಾನು ಕೂಗಿದ ಕೂಗಿಗೆ ಹೊರಗಿದ್ದ ಅಕ್ಕ ಓಡಿಬಂದಳು. ತನ್ನೆರಡು ಬೆರಳನ್ನು ನನ್ನ ಬಲಗೈಗೆ ಕೊಟ್ಟು ಹಿಂಡಿ ಎಂದಳು. ಹಿಂಡಿದೆ. "ಹಿಂಡಿ ಅಮ್ಮಾ" ಎಂದಳು. ನಾನು ಹಿಂಡುತ್ತಲೇ ಇದ್ದೆ. ಅವಳ ಮುಖ ನೋಡಿದ ಮೇಲೆ ಗೊತ್ತಾಯಿತು, ನನ್ನ ಕೈ ಹಿಂಡುತ್ತಿಲ್ಲವೆಂದು. ನೆಲದ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಿರಿ ಎಂದಳು. ನಾಲ್ಕು ಹೆಜ್ಜೆಗೆ ವಾಲಿದೆ.

ಸ್ಕ್ಯಾನಿನ ಮುಂದೆ ಮೂರು ಗಂಟೆ ಕಾದೆವು. ಅಕ್ಕ ಚೀಲದಿಂದ ಇಡ್ಲಿ ತೆಗೆದು ತಿನ್ನಿಸಿದಳು, ನನಗೆ ಬೆರಳು ಕೂಡಿಸಲು ಆಗುವುದಿಲ್ಲವೆಂದು ಅವಳೂ ಆಗಲೇ ನೋಡಿದ್ದು. ಮೂವತ್ತು ವರ್ಷದ ಮೇಲೆ ಅಕ್ಕನ ಕೈಯಿಂದ ತುತ್ತು ತಿಂದೆ. ಎದುರಿಗೆ ಕೂತಿದ್ದ ಗಂಡಸೊಬ್ಬ ಮುಖ ತಿರುಗಿಸಿಕೊಂಡ, ನಾಚಿಕೆಯಿಂದಲೋ ಮರ್ಯಾದೆಯಿಂದಲೋ ತಿಳಿಯಲಿಲ್ಲ.

ಟೀಬಿ ಎಂದರು. ಕುತ್ತಿಗೆಯ ಎಲುಬಿನಲ್ಲಿ. ಕೆಮ್ಮಿಲ್ಲ, ಕಫವಿಲ್ಲ, ಎಲುಬಿಗೆ ಟೀಬಿ ಬರುತ್ತದೆಂದು ನಾನು ಕೇಳಿಯೇ ಇರಲಿಲ್ಲ. ಎಲುಬು ಕರಗಿ, ಕೀವು ತುಂಬಿ, ನರದ ಹುರಿಯನ್ನು ಒತ್ತುತ್ತಿತ್ತಂತೆ. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಎರಡೂ ಕೈ, ಎರಡೂ ಕಾಲು ಹೋಗುತ್ತಿದ್ದವು ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದಳು. ಕೂಡಲೇ ಮಧುರೆಗೆ ಹೋಗಿ ಎಂದಳು. ಅಕ್ಕ ಫೋನು ಮಾಡಿದ ಮೇಲೆ ನನ್ನ ಗಂಡ ನೇರವಾಗಿ ಮಧುರೆಗೆ ಬಂದರು. ಬಂದವರು ನನ್ನ ಕಾಲ ಹತ್ತಿರ ನಿಂತರು. ಆಮೇಲೆ, "ನಾನು ಮಾತ್ರೆ ತರ್ತಾನೇ ಇದ್ನಲ್ಲ ಈಸ್ವರಿ" ಎಂದರು. ಮದುವೆಯಾದ ಮೇಲೆ ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಮಧುರೆಯ ದೊಡ್ಡ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಇದು ಶುರುವಾದದ್ದು ಯಾವಾಗ ಎಂದು. ನಾನು ಒಂದು ಹೇಳಿದೆ, ನನ್ನ ಗಂಡ ಇನ್ನೊಂದು ಹೇಳಿದರು. ಹಳೆಯ ಚೀಟಿ ಏನಾದರೂ ಇದ್ದರೆ ತನ್ನಿ ಎಂದರು. ನನ್ನ ಗಂಡ ಊರಿಗೆ ಹೋಗಿ ಸೆಲ್ವಿಯಿಂದ ಹಳದಿ ಕಾರ್ಡು ಇಸಿದುಕೊಂಡು ಬಂದರು. ಅದರಲ್ಲಿ ಬರೆದದ್ದನ್ನು ನಾನೂ ಕಣ್ಣಿಂದ ಕಂಡದ್ದು ಆಗಲೇ. ತಾರೀಕು, ಕುತ್ತಿಗೆ ನೋವು, ಮಾತ್ರೆ. ತಾರೀಕು, ಕುತ್ತಿಗೆ ನೋವು, ಊಸಿ. ಎರಡೂ ಪಕ್ಕ ತುಂಬಿ ಇನ್ನೊಂದು ಕಾರ್ಡು ಪಿನ್ನು ಹೊಡೆದಿತ್ತು. ಎಲ್ಲೂ ಯಾರ ಕುತ್ತಿಗೆ ಎಂದಿಲ್ಲ. ಯಾವುದು ಅತ್ತೆಯದು, ಯಾವುದು ಜಯಳದು, ಯಾವುದು ನನ್ನದು ಎಂದು ನನಗೇ ಹೇಳಲಾಗಲಿಲ್ಲ.

"ಇದು ಯಾರ ಕಾರ್ಡು?" ಎಂದರು ಡಾಕ್ಟರು.

"ಮನೆದು ಸಾರ್" ಎಂದರು ನನ್ನ ಗಂಡ.

ಡಾಕ್ಟರು ಅವರನ್ನು ಒಂದು ಸಲ ನೋಡಿ ಕಾರ್ಡನ್ನು ವಾಪಸ್ ಕೊಟ್ಟರು. "ನಾನು ಆಪರೇಷನ್ ಮಾಡ್ಬೇಕಾಗಿರೋದು ಇವರಿಗೆ. ಇದರಲ್ಲಿ ಇವರು ಇಲ್ಲ" ಎಂದರು.

ಆಪರೇಷನ್ ಆಯಿತು. ಗಂಟಲಿನ ಪಕ್ಕ ಬೆರಳುದ್ದದ ಗುರುತು, ನಾಲ್ಕು ತಿಂಗಳು ಕುತ್ತಿಗೆಗೆ ಪಟ್ಟಿ, ಒಂದೂವರೆ ವರ್ಷ ಮಾತ್ರೆ. ಮೊದಲ ದಿನ ಮೂತ್ರ ಕೇಸರಿ ಬಣ್ಣದಲ್ಲಿ ಹೋದಾಗ ರಕ್ತವೆಂದು ಬೆದರಿ ಬಚ್ಚಲಿನಲ್ಲೇ ಕೂತುಬಿಟ್ಟೆ. ಮಾತ್ರೆಯ ಬಣ್ಣ ಎಂದು ಹೇಳಿದ್ದು ಪಕ್ಕದ ಮಂಚದ ಮುದುಕಿ, ನರ್ಸುಗಳಿಗೆ ಹೇಳಲು ಪುರುಸೊತ್ತು ಇರಲಿಲ್ಲ. ಈ ಮಾತ್ರೆ ಶುರುಮಾಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಹೆದರಬೇಡಿ, ಅದು ಬಣ್ಣ ಅಷ್ಟೇ.

ಮನೆಗೆ ಬಂದಾಗ ನನ್ನ ತಟ್ಟೆ ಲೋಟ ಬೇರೆಯಾಗಿದ್ದವು. ಎಲುಬಿನ ಟೀಬಿ ಅಂಟುವುದಿಲ್ಲವೆಂದು ಡಾಕ್ಟರು ಹೇಳಿದ್ದನ್ನು ನನ್ನ ಗಂಡ ಎರಡು ಸಲ ಹೇಳಿದರು. "ಅಂಟಲ್ಲ ಅಂದ್ಮೇಲೆ ಬೇರೆ ಇಟ್ರೆ ಏನ್ ನಷ್ಟ?" ಎಂದರು ಅತ್ತೆ. ಬಂದವರಿಗೆಲ್ಲ ಎಲುಬು ಸವೆತ ಎಂದೇ ಹೇಳಿದರು. ಆದರೆ ಪಟ್ಟಿ ಕಟ್ಟಿಕೊಂಡಿದ್ದ ನಾಲ್ಕು ತಿಂಗಳೂ ದಿನಾ ನನ್ನ ತಲೆ ಬಾಚಿ ಜಡೆ ಹಾಕಿದವರೂ ಅವರೇ. ಅವರ ಕೈ ಮೆತ್ತಗೆ, ನೋವಾಗದ ಹಾಗೆ ಸಿಕ್ಕು ಬಿಡಿಸುತ್ತಿದ್ದರು. ಬಾಚಿ ಮುಗಿಸಿ ಸೀದಾ ಹಿತ್ತಲಿಗೆ ಹೋಗಿ ಸೋಪು ಹಾಕಿ ಕೈ ತೊಳೆಯುತ್ತಿದ್ದರು. ನನಗೆ ಆ ಕೈ ನೆನಪಾದರೆ ಕಣ್ಣು ತುಂಬುತ್ತದೆ, ಆ ಸೋಪು ನೆನಪಾದರೆ ಮೈ ಉರಿಯುತ್ತದೆ. ಯಾವುದನ್ನು ಇಟ್ಟುಕೊಳ್ಳಲಿ?

ತಿಂಗಳಿಗೊಮ್ಮೆ ಸರ್ಕಾರದ ಕಡೆಯಿಂದ ಒಬ್ಬಳು ಹೆಣ್ಣುಮಗಳು ಸ್ಕೂಟರಿನಲ್ಲಿ ಮಾತ್ರೆ ತಂದುಕೊಡುತ್ತಿದ್ದಳು. ಮೊದಲ ದಿನ ಬಾಗಿಲಲ್ಲಿ ನಿಂತು, "ಈ ಮನೆಯಲ್ಲಿ ಈಶ್ವರಿ ಯಾರು?" ಎಂದು ಕೇಳಿದಳು. ಅತ್ತೆ ಒಂದು ಗಳಿಗೆ ಯೋಚಿಸಿದ್ದನ್ನು ನಾನು ಒಳಗಿನಿಂದ ನೋಡಿದೆ. ಅವಳ ಕೈಯಲ್ಲಿ ಒಂದು ಪುಸ್ತಕ, ಅದರ ಮೇಲೆ ನನ್ನ ಹೆಸರು, ನನ್ನ ತೂಕ. ತೂಕ ಒಂದು ಕಿಲೋ ಏರಿದ ದಿನ ನನಗಿಂತ ಹೆಚ್ಚು ಅವಳೇ ಕುಣಿದಳು. ವಾಂತಿಯಾಗುತ್ತಾ, ಕಣ್ಣು ಮಂಜಾಗುತ್ತಾ, ಅಳು ಬರುತ್ತಾ ಎಂದೆಲ್ಲ ಕೇಳುತ್ತಿದ್ದಳು. ಅಳು ಬರುತ್ತದೆ ಎಂದೆ. ಅವಳು ಅದನ್ನೂ ಬರೆದುಕೊಂಡಳು.

ಮಾತ್ರೆ ಮುಗಿದು ಈಗ ಆರು ತಿಂಗಳು. ನಡೆಯುತ್ತೇನೆ. ಅಡುಗೆ ಮಾಡುತ್ತೇನೆ. ಕತ್ತು ಎಡಕ್ಕೆ ಪೂರ್ತಿ ತಿರುಗುವುದಿಲ್ಲ, ಪಂದ್ಲಿನ ಕೆಲಸ ಇನ್ನು ಈ ಜನ್ಮಕ್ಕಿಲ್ಲ. ಬಲಗೈಯ ಎರಡು ಬೆರಳು ಮರಳಿ ಬರುವುದಿಲ್ಲವೆಂದು ಮಧುರೆಯಲ್ಲಿ ಹೇಳಿದ್ದಾರೆ, ಆರೇಳು ತಿಂಗಳು ಮೊದಲೇ ಬಂದಿದ್ದರೆ ಉಳಿಯುತ್ತಿದ್ದವಂತೆ. "ಡಾಕ್ಟರಣ್ಣನಿಗೆ ಎಂಗ್ ಗೊತ್ತಾಗ್ಬೇಕು, ಒಳಗಿರೋದು?" ಎಂದು ನನ್ನ ಗಂಡ ಈಗಲೂ ಅನ್ನುತ್ತಾರೆ. ನಮ್ಮಕ್ಕನಿಗೆ ಟೇಪಿನಲ್ಲಿ ಗೊತ್ತಾಯಿತಲ್ಲ ಎಂದರೆ ಎದ್ದು ಹೊರಗೆ ಹೋಗುತ್ತಾರೆ.

ಹೋದ ವಾರದ ಮಾತಿಗೆ ಬರುತ್ತೇನೆ. ಸಂಜೆ ಅಂಗಳದಲ್ಲಿ ಬೈಕು ಸದ್ದು ಮಾಡಿತು. ಜಯಳ ಗಂಡ, ನನ್ನ ಮೈದುನ. ಎಲ್ಲಿಗೆ ಎಂದೆ.

"ಡಾಕ್ಟ್ರತ್ರ ಹೋಗ್ಬತ್ತೀನಿ ಅತ್ತಿಗೆ. ಮನೇಲಿ ಕುತ್ತಿಗೆ ನೋವಂತೆ."

ನನಗೆ ಎಲ್ಲಿಂದ ಸಿಟ್ಟು ಬಂತೋ. ಇಷ್ಟಾದ ಮೇಲೂ, ಇದೇ ಅಂಗಳದಲ್ಲಿ, ನಾನು ಕಣ್ಣೆದುರಿಗೇ ನಿಂತಿರುವಾಗ! ಎಡಗೈಯಿಂದ ಬೈಕಿನ ಕೀಲಿ ಕಿತ್ತುಕೊಂಡೆ. "ಮನೆಗಲ್ಲ ಕಣೋ ನೋಯ್ತಿರೋದು, ನಿನ್ ಹೆಂಡ್ತಿಗೆ. ಅವಳಿಗೆ ಕಾಲಿಲ್ವಾ?" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದೆ. ಜಯಾ ಅಡುಗೆಮನೆಯಿಂದ ಬಂದು, "ಸುಮ್ಮಾ ಇರಕ್ಕಾ, ಪಂದ್ಲು ಕುತ್ತಿಗೆ ತಾನೇ" ಎಂದಳು. ಅವಳ ಕೈ ಹಿಡಿದು ಎಳೆದುಕೊಂಡು ಹೋಗಿ ಬಸ್ಸು ಹತ್ತಿಸಿದೆ.

ಕ್ಲಿನಿಕ್ಕಿಗೆ ಬಣ್ಣ ಹೊಡೆಸಿದ್ದಾರೆ, ಕುರ್ಚಿ ಹಾಕಿಸಿದ್ದಾರೆ, ಗುಂಡು ಮುಖಗಳ ಹಾಳೆ ಬಂದಿದೆ. ಹಳದಿ ಕಾರ್ಡು ಹಾಗೇ ಇದೆ. ಸೆಲ್ವಿ ನಮ್ಮ ಮನೆಯದನ್ನು ತೆಗೆಯಲು ಹೋದಳು. ಬೇಡ, ಹೊಸದು ಮಾಡು ಎಂದೆ.

"ಗಂಡನ್ ಹೆಸ್ರು ಹೇಳಕ್ಕಾ."

"ಜಯಾ ಅಂತ ಬರಿ. ಕುತ್ತಿಗೆ ಅವಳ್ದು."

ಡಾಕ್ಟರು ನನ್ನನ್ನು ಕಂಡು ಎದ್ದು ನಿಂತರು. ಪಾಪ, ಅವರ ಕೂದಲು ಪೂರ್ತಿ ನರೆತಿದೆ. "ಅಡೆ, ಈಸ್ವರಿಯಾ! ಎಷ್ಟ್ ಚೆನ್ನಾಗಾಗ್ಬುಟ್ಟಿದೀಯ. ನಾನೇ ಒಂದ್ಸಲ ಸ್ಕ್ಯಾನ್ ಮಾಡ್ಸು ಅನ್ನೋಣ ಅಂತಿದ್ದೆ ತಾಯೀ."

"ಯಾರಿಗೆ ಅನ್ನೋಣ ಅಂತಿದ್ರಿ ಅಣ್ಣಾ? ಕಾರ್ಡಿಗಾ?"

ಅವರು ಜಯಳ ಕಡೆ ತಿರುಗಿ, "ಪಂದ್ಲು ಕುತ್ತಿಗೆಯಾ?" ಎಂದು ಚೀಟಿಗೆ ಕೈ ಹಾಕಿದರು.

"ಮುಟ್ಟ್ ನೋಡಿ ಹೇಳಿ ಅಣ್ಣಾ" ಎಂದೆ. "ಒಂದೊಂದ್ ಎಲುಬೂ ಒತ್ತಿ. ನಿಮ್ಮೆರಡು ಬೆರಳು ಕೊಡಿ, ಹಿಂಡ್ಲಿ. ನಡ್ಸಿ ನೋಡಿ. ಸಂಜೆ ಮೈ ಬಿಸಿಯಾಗ್ತೈತಾ ಕೇಳಿ, ತೂಕ ಇಳಿದೈತಾ ಕೇಳಿ."

"ನೀನೇ ಡಾಕ್ಟ್ರಾಗ್ಬುಟ್ಟೆ" ಎಂದು ನಗಲು ನೋಡಿದರು.

"ಆಗ್ಬೇಕಾಯ್ತಲ್ಲ" ಎಂದೆ. ನಾನು ನಗಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟು ಎದ್ದು ಮೇಜು ಸುತ್ತಿ ಬಂದರು. ಜಯಳಿಗೆ ಸೆರಗು ಸರಿಸಲು ಹೇಳಿ ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಎಲುಬನ್ನು ಒತ್ತಿದರು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಕೂಗಲಿಲ್ಲ. ಬೆರಳು ಹಿಂಡಿಸಿದರು. "ಅಮ್ಮಾಡೀ, ಮುರೀಬೇಡ" ಎಂದರು. ಬಾಗಿಲವರೆಗೆ ನಡೆಸಿದರು. ಜ್ವರ, ತೂಕ, ಮಲಗಿದಾಗಿನ ನೋವು, ಎಲ್ಲ ಕೇಳಿದರು. ಕೆಲಸ ಚೆನ್ನಾಗಿ ಗೊತ್ತಿರುವ ಕೈ ಅದು, ನೋಡುತ್ತಿದ್ದರೇ ತಿಳಿಯುತ್ತಿತ್ತು. "ಏನೂ ಇಲ್ಲ, ಬರೀ ಕೆಲಸದ ನೋವು" ಎಂದರು. ಗೋಡೆಯ ಗಡಿಯಾರ ನೋಡಿದೆ. ಎರಡು ನಿಮಿಷವೂ ಆಗಿರಲಿಲ್ಲ.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಜಯಾ ಕೇಳಿದಳು: "ಅಷ್ಟೇನಾಕ್ಕಾ? ನೋಡೋದು ಅಂದ್ರೆ ಇಷ್ಟೇನಾ?"

"ಇಷ್ಟೇ" ಎಂದೆ.

ಅವಳು ನನ್ನ ಬಲಗೈಯನ್ನು ನೋಡಿದಳು. ಆಮೇಲೆ ಬಗ್ಗಿ ನನ್ನ ಚಪ್ಪಲಿಯ ಬಕಲು ಹಾಕಿಕೊಟ್ಟಳು. ಅದು ನನ್ನ ಬೆರಳಿಗೆ ಆಗುವುದಿಲ್ಲ.